ಅಪ್ಪನಿಗೆ 46ಕ್ಕೇ ಹಾರ್ಟ್ ಅಟ್ಯಾಕ್: ನನಗೆ ಜೀನ್ ಟೆಸ್ಟ್ ಬೇಕೇ?
ತಂದೆಗೆ 46ಕ್ಕೇ ಹೃದಯಾಘಾತ, ನಿಮ್ಮ ಕೊಲೆಸ್ಟ್ರಾಲ್ ನಾರ್ಮಲ್, ಜೀನ್ ಟೆಸ್ಟ್ ಮಾಡಿಸಲೇ ಅಂತ ಕೇಳಿದ್ದೀರಿ. ಸದ್ಯಕ್ಕೆ ಅಷ್ಟು ದುಡ್ಡು ಸುರಿಯಬೇಡಿ. ಮೊದಲು ಲಿಪೊಪ್ರೋಟೀನ್ (ಎ) ರಕ್ತಪರೀಕ್ಷೆ ಮಾಡಿಸಿ. ಇದು ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಒಂದು ಸೂಕ್ಷ್ಮ ಕಣ, ಹೆಚ್ಚಿದ್ದರೆ ಹೃದಯಾಘಾತದ ಅಪಾಯ ಹೆಚ್ಚು. ಮಾಮೂಲಿ ಲಿಪಿಡ್ ಪ್ರೊಫೈಲಿನಲ್ಲಿ ಇದು ಇರುವುದಿಲ್ಲ. ಇದರ ಮಟ್ಟವನ್ನು ಬಹುಪಾಲು ನಿರ್ಧರಿಸುವುದು ಎಲ್‌ಪಿಎ ಎಂಬ ಒಂದೇ ಜೀನ್: ಅದರಲ್ಲಿ 'ಕ್ರಿಂಗಲ್' ತುಣುಕಿನ ಪುನರಾವರ್ತನೆ ಕಡಿಮೆಯಿದ್ದಷ್ಟೂ ರಕ್ತದಲ್ಲಿ ಮಟ್ಟ ಹೆಚ್ಚು. ಪಥ್ಯ, ವ್ಯಾಯಾಮಕ್ಕೆ ಜಗ್ಗುವುದಿಲ್ಲ, ಹಾಗಾಗಿ ಸಾಮಾನ್ಯವಾಗಿ ಜೀವಮಾನದಲ್ಲಿ ಒಮ್ಮೆ ಸಾಕು. ಖಾಲಿಹೊಟ್ಟೆ ಬೇಕಿಲ್ಲ, ಜ್ವರ ಇದ್ದಾಗ ಬೇಡ. ಚೀಟಿಯಲ್ಲಿ ಹೆಸರು ಸರಿಯಾಗಿ ಬರೆಸಿ, ಹೆಸರು ಹೋಲುವ ಅಪೊ-ಎ1 (ಒಳ್ಳೆಯ ಕೊಲೆಸ್ಟ್ರಾಲಿನ ಪ್ರೋಟೀನ್) ಬೇರೆಯೇ ಟೆಸ್ಟ್. 50 ಮಿ.ಗ್ರಾಂ/ಡೆ.ಲೀ. ಅಥವಾ 125 ನ್ಯಾನೊಮೋಲ್/ಲೀ. ದಾಟಿದರೆ ಅಪಾಯ ಹೆಚ್ಚು. ಒಂದು ಅಳತೆಯನ್ನು ಗುಣಿಸಿ ಇನ್ನೊಂದಕ್ಕೆ ಬದಲಿಸಬೇಡಿ, ಕಣದ ಗಾತ್ರ ಒಬ್ಬೊಬ್ಬರಲ್ಲಿ ಒಂದೊಂದು. ಹೆಚ್ಚು ಬಂದರೆ ವೈದ್ಯರು ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್), ಬಿಪಿ ಎರಡನ್ನೂ ಇನ್ನಷ್ಟು ಬಿಗಿಯಾಗಿ ಇಳಿಸುತ್ತಾರೆ. ಆಗ ಒಡಹುಟ್ಟಿದವರಿಗೂ ಮಾಡಿಸಿ.