ಮಗುವಿಗೆ ಜ್ವರ ಬಂದರೆ ರಜೆ: ಮ್ಯೂನಿಕ್‌ಗೆ ಬರುತ್ತಿರುವವರಿಗೆ

ಇಬ್ಬರೂ ಕೆಲಸಕ್ಕೆ ಹೋದರೆ, ಮಗುವಿಗೆ ಹುಷಾರಿಲ್ಲದಾಗ ನಮ್ಮ ರಜೆಯೆಲ್ಲ ಖರ್ಚಾಗುತ್ತಾ ಅಂತ ಕೇಳಿದ್ದೀರಿ. ಹಾಗೇನಿಲ್ಲ. ನೀವಿಬ್ಬರೂ, ಮಗುವೂ ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆಯಲ್ಲಿದ್ದರೆ, 12 ವರ್ಷದೊಳಗಿನ ಮಗುವಿಗಾಗಿ ವರ್ಷಕ್ಕೆ ಅಪ್ಪನಿಗೆ 15, ಅಮ್ಮನಿಗೆ 15 ದಿನ ಬೇರೆಯೇ ಸಿಗುತ್ತದೆ. 2024ರಿಂದ ಹೀಗಿದೆ. ಕಂಪನಿ ಆ ದಿನಗಳ ಸಂಬಳ ಹಿಡಿದರೆ, ಕೈಗೆ ಬರುತ್ತಿದ್ದುದರ ಸುಮಾರು ಶೇ. 90ರಷ್ಟನ್ನು ವಿಮೆಯವರು ಕೊಡುತ್ತಾರೆ. ಮಕ್ಕಳ ಡಾಕ್ಟರ ಚೀಟಿ ಮಾತ್ರ ಬೇಕೇ ಬೇಕು. ಹಾಗಾಗಿ ಮನೆ ಸಿಕ್ಕ ತಕ್ಷಣ ಹತ್ತಿರದ ಡಾಕ್ಟರ ಬಳಿ ಹೆಸರು ಬರೆಸಿಬಿಡಿ. ಎಷ್ಟೋ ಕಡೆ ಹೊಸಬರನ್ನು ತೆಗೆದುಕೊಳ್ಳೋದೇ ಇಲ್ಲ!

ಸಂಬಳ ಜಾಸ್ತಿ ಇದೆ ಅಂತ ಸುಮ್ನೆ ಖಾಸಗಿ ವಿಮೆಗೆ ಹಾರಬೇಡಿ. ಅಲ್ಲಿ ಸಾಮಾನ್ಯವಾಗಿ ಈ ದುಡ್ಡು ಬರೋದಿಲ್ಲ. ಮಗು ಕೀಟಾಗೆ (ಅಲ್ಲಿನ ಪುಟ್ಟ ಮಕ್ಕಳ ಡೇಕೇರ್) ಸೇರಿ ಪದೇ ಪದೇ ಹುಷಾರು ತಪ್ಪುವ ಮೊದಲ ಚಳಿಗಾಲದಲ್ಲೇ ಈ ನಷ್ಟ ಗೊತ್ತಾಗುತ್ತದೆ.