ನುಡಿ ಪ್ರಶ್ನೋತ್ತರ: ಎಲ್ಫ್‌ಗಳ ಮಾತಿನ ಬೇರು

ಪ್ರಶ್ನೆ: ಇಂಗ್ಲಿಷ್ ಲೇಖಕ ಟೋಲ್ಕಿನ್ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಥೆಯಲ್ಲಿ, ಮೋರಿಯಾ ಎಂಬ ನೆಲದಡಿಯ ನಗರದ ಬಾಗಿಲ ಮೇಲೆ ‘ಪೆಡೊ ಮೆಲ್ಲೊನ್ ಆ ಮಿನ್ನೊ’ ಎಂಬ ಸಾಲಿದೆ. ಅದನ್ನು ಕನ್ನಡಕ್ಕೆ ತರಲು ಹೋಗಿ ಸೋತಿದ್ದೇನೆ. ‘ಪೆಡೊ’ದ ಮೂಲವನ್ನೂ ತಿಳಿಸುವಿರಾ?

ಉತ್ತರ: ನಾನೂ ಬಹಳ ದಿನ ಸೋತಿದ್ದೆ. ಇದು ಕಥೆಯ ಎಲ್ಫ್‌ಗಳೆಂಬ ಕಲ್ಪಿತ ಜನಕ್ಕಾಗಿ ಟೋಲ್ಕಿನ್ ಕಟ್ಟಿದ ಸಿಂದಾರಿನ್ ನುಡಿ. ಪೆಡೊ ಎಂದರೆ ಹೇಳು, ಮೆಲ್ಲೊನ್ ಗೆಳೆಯ, ಆ ಎಂದರೆ ಮತ್ತು, ಮಿನ್ನೊ ಒಳಗೆ ಬಾ. ಕಥೆಯ ಮಾಂತ್ರಿಕ ಗ್ಯಾಂಡಾಲ್ಫ್ ಇದನ್ನು ‘ಗೆಳೆಯಾ, ಹೇಳು, ಒಳಗೆ ಬಾ’ ಎಂದು ಓದಿಕೊಂಡು, ಏನು ಹೇಳಬೇಕೆಂದು ತಿಳಿಯದೆ ಬಾಗಿಲ ಮುಂದೆ ಹೊತ್ತು ಕಳೆಯುತ್ತಾನೆ. ಸಾಲು ಹೇಳುತ್ತಿದ್ದದ್ದು ‘ಗೆಳೆಯ ಎಂದು ಹೇಳು, ಒಳಗೆ ಬಾ’ ಎಂದು. ಗುಟ್ಟಿನ ಮಾತು ಕಣ್ಣೆದುರೇ ಇತ್ತು.

ಕನ್ನಡದಲ್ಲಿ ತೊಡಕಾಗುವುದು ಇಲ್ಲೇ. ಕರೆದರೆ ‘ಗೆಳೆಯಾ’ ಎಂದು ದನಿ ನೀಳುತ್ತದೆ. ಆಡಬೇಕಾದ ಮಾತನ್ನು ಸೂಚಿಸಲು ‘ಎಂದು’ ಬೇಕು. ಯಾವುದನ್ನು ಬರೆದರೂ ಒಗಟು ಒಡೆದುಹೋಗುತ್ತದೆ. ಆದರೆ ಮಗುವಿಗೆ ಮಾತು ಕಲಿಸುವಾಗ ‘ಹೇಳು, ಅಮ್ಮ’ ಎನ್ನುತ್ತೇವಲ್ಲ, ಅಲ್ಲಿ ‘ಎಂದು’ ಇಲ್ಲ. ಆ ದಾರಿ ಹಿಡಿದು ‘ಹೇಳು ಗೆಳೆಯ, ಒಳಗೆ ಬಾ’ ಎಂದು ಬರೆದು ನೋಡಿ. ಎರಡು ಅರ್ಥವೂ ಉಳಿಯುತ್ತವೆ. ನನಗೆ ಇದು ಹೊಳೆಯಲು ವರ್ಷಗಳೇ ಹಿಡಿದವು.

ಇನ್ನು ಮೂಲ. ಎಲ್ಫ್‌ಗಳ ಹಳೆಯ ನುಡಿಯಲ್ಲಿ ‘ಕ್ವೆಟ್’ ಎಂಬ ಧಾತುವಿದೆ, ಅದರ ಅರ್ಥ ‘ಹೇಳು’. ಕ್ವೆನ್ಯಾ ಎಂಬ ಕವಲಿನಲ್ಲಿ ‘ಕ್ವ’ ಹಾಗೆಯೇ ಉಳಿಯಿತು, ಸಿಂದಾರಿನ್ ಕವಲಿನಲ್ಲಿ ‘ಪ’ ಆಯಿತು. ‘ಪೆಡೊ’ ಬಂದದ್ದು ಹೀಗೆ. ಹಾಗಾಗಿ ಕ್ವೆನ್ಯಾದಲ್ಲಿ ಪದಕ್ಕೆ ‘ಕ್ವೆತ್ತಾ’, ಸಿಂದಾರಿನ್‌ನಲ್ಲಿ ‘ಪೆಥ್’. ಹಂಸಕ್ಕೆ ಕ್ವೆನ್ಯಾದಲ್ಲಿ ‘ಆಲ್ಕ್ವಾ’. ಸಿಂದಾರಿನ್‌ನಲ್ಲಿ ‘ಪ’ ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಆಲ್ಫ್’. ಹಳಗನ್ನಡದ ಪಾಲ್, ಪೂ, ಪೊಸತು ಈಗ ಹಾಲು, ಹೂವು, ಹೊಸತು ಆಗಿರುವುದನ್ನು ಬಲ್ಲ ನಮಗೆ ಇದು ಹೊಸ ಪಾಠವೇನಲ್ಲ. ಟೋಲ್ಕಿನ್ ಇದನ್ನು ಗಾಳಿಯಿಂದ ಹಿಡಿದದ್ದೂ ಅಲ್ಲ. ಒಂದೇ ಮೂಲದಿಂದ ಬಂದ ‘ನಾಲ್ಕು’ ಲ್ಯಾಟಿನ್‌ನಲ್ಲಿ ‘ಕ್ವಾತ್ತುವೊರ್’, ಅವರು ತುಂಬ ಪ್ರೀತಿಸಿದ ವೆಲ್ಶ್ ಭಾಷೆಯಲ್ಲಿ ‘ಪೆದ್ವಾರ್’. 1915ರಲ್ಲಿ ಅವರು ಶುರು ಮಾಡಿದ ಮೊದಲ ಪದಕೋಶವೇ ಧಾತುಗಳ ಕೆಳಗೆ ಜೋಡಿಸಿದ್ದು. ಒಬ್ಬರೇ ಕಟ್ಟಿದ ಭಾಷೆಗೆ ವ್ಯುತ್ಪತ್ತಿ ಎಲ್ಲಿಂದ ಬಂತು ಎಂದು ಕೇಳುವವರಿಗೆ ನಾನು ತೋರಿಸುವುದು ಈ ಜೋಡಣೆಯನ್ನೇ. ಅವರು ಪದಗಳ ಜೊತೆಗೆ ಪದಗಳು ಸವೆದ ದಾರಿಯನ್ನೂ ಕಟ್ಟಿದರು.

ಪ್ರಶ್ನೆ: ಮೋರಿಯಾ ಎಂಬುದು ಬೈಬಲಿನ ಬೆಟ್ಟದ ಹೆಸರೇ?

ಉತ್ತರ: ಅಲ್ಲ. ಮೋರ್ ಎಂದರೆ ಕಪ್ಪು, ಇಯಾ ಎಂದರೆ ಕಂದರ. ಸದ್ದು ಮಾತ್ರ ನಾರ್ವೆಯ ಜನಪದ ಕಥೆಯೊಂದರ ಕೋಟೆಯ ಹೆಸರಿನಿಂದ ಬಂತೆಂದು ಟೋಲ್ಕಿನ್ ಪತ್ರವೊಂದರಲ್ಲಿ ಬರೆದಿದ್ದಾರೆ.

ಪ್ರಶ್ನೆ: ಕಥೆಯ ಎಲ್ಫ್ ಹೆಣ್ಣು ಗಲಾದ್ರಿಯೆಲ್ ಹೆಸರಿನ ಅರ್ಥ ‘ಮರಗಳ ಒಡತಿ’ ಎಂದು ನೀವು ಹಿಂದೆ ಬರೆದಿದ್ದಿರಿ. ಸರಿಯೇ?

ಉತ್ತರ: ತಪ್ಪು, ತಿದ್ದಿಕೊಳ್ಳುತ್ತೇನೆ. ಆ ಹೆಸರಿನಲ್ಲಿರುವುದು ‘ಗಲದ್’, ಅಂದರೆ ಹೊಳಪು. ಮರಕ್ಕಿರುವ ‘ಗಲಧ್’ ಬೇರೆ ಪದ. ಅದರ ಕೊನೆಯ ದನಿ ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಉಸಿರು ಬಿಟ್ಟಂತೆ ಮೃದು. ಹೆಸರಿನ ಅರ್ಥ ‘ಹೊಳೆಯುವ ಮಾಲೆಯ ಕಿರೀಟ ತೊಟ್ಟ ಕನ್ಯೆ’. ಅವಳ ಹೊನ್ನಿನ ಕೂದಲು ಕಂಡು ಇಟ್ಟದ್ದು. ಅವಳು ಕಾಡಿನ ನಾಡಿನಲ್ಲಿ ನೆಲೆಸಿದ್ದರಿಂದ, ಕಥೆಯಲ್ಲಿ ಆ ನಾಡಿನ ಹೊರಗಿನ ಜನರೇ ‘ಗಲಧ್ರಿಯೆಲ್’ ಎಂದು ತಿರುಚಿ ಮರದ ಅರ್ಥ ಹಚ್ಚಿದರಂತೆ. ಭಾಷೆಗಳಲ್ಲಿ ಜನ ಹೀಗೆ ಕಿವಿಗೆ ಕೇಳಿದಂತೆ ಅರ್ಥ ಕಟ್ಟುವುದನ್ನು ಬಲ್ಲ ಟೋಲ್ಕಿನ್ ಅದನ್ನೂ ಬಿಡಲಿಲ್ಲ. ನನ್ನ ಧಾತುಪುಸ್ತಕದಲ್ಲಿ ಆ ಹೆಸರನ್ನು ಮರದ ಪುಟದಿಂದ ಹೊಡೆದು ಹಾಕಿ ಬೆಳಕಿನ ಪುಟಕ್ಕೆ ಬರೆದುಕೊಂಡಿದ್ದೇನೆ.

ಪ್ರಶ್ನೆ: ಎಲ್ಫ್‌ಗಳನ್ನು ಭೇಟಿಯಾದಾಗ ಹೇಳುವ ಸ್ವಾಗತದ ಸಾಲು ‘ಎಲೆನ್ ಸೀಲಾ ಲೂಮೆನ್ನ್ ಒಮೆಂತಿಯೆಲ್ವೊ’. ಹಳೆಯ ಪ್ರತಿಯಲ್ಲಿ ಕೊನೆಯ ಪದ ‘ಒಮೆಂತಿಯೆಲ್ಮೊ’ ಎಂದಿದೆ. ಅಚ್ಚಿನ ದೋಷವೇ?

ಉತ್ತರ: ದೋಷವಲ್ಲ. 1954ರಲ್ಲಿ ‘ಎಲ್ಮೊ’ ಎಂದೇ ಅಚ್ಚಾಯಿತು, ಎರಡನೆಯ ಆವೃತ್ತಿಯಲ್ಲಿ ಟೋಲ್ಕಿನ್ ‘ಎಲ್ವೊ’ ಮಾಡಿದರು. ಇದು ಕ್ವೆನ್ಯಾ. ಎಲೆನ್ ನಕ್ಷತ್ರ, ಸೀಲಾ ಬೆಳಗುತ್ತದೆ, ಲೂಮೆ ಗಳಿಗೆ. ಕೊನೆಯ ಪದದಲ್ಲಿ ‘ಒಮೆಂತಿಯೆ’ ಭೇಟಿ, ಅದಕ್ಕೆ ‘ನಮ್ಮ’ ಮತ್ತು ಷಷ್ಠೀ ವಿಭಕ್ತಿಯ ‘ಒ’ ಎರಡೂ ಅಂಟಿಕೊಂಡಿವೆ. ಪ್ರತ್ಯಯಗಳ ಮೇಲೆ ಪ್ರತ್ಯಯ ಹೊರುವ ಈ ಗುಣ ಫಿನ್ನಿಷ್‌ನ ಪ್ರಭಾವ, ನಮಗಂತೂ ಮನೆಮಾತಿನಷ್ಟು ಸಲೀಸು.

ತಿದ್ದಿದ್ದು ‘ನಮ್ಮ’ ಎಂಬ ಒಂದೇ ಅಂಶವನ್ನು. ಟೋಲ್ಕಿನ್ ಕೊನೆಗೆ ನೆಲೆ ನಿಲ್ಲಿಸಿದ ವ್ಯಾಕರಣದಲ್ಲಿ ‘ಲ್ವ’ ಎಂದರೆ ಕೇಳುವವರೂ ಸೇರಿದ ನಮ್ಮ. ‘ಲ್ಮ’ ಎಂದರೆ ಅವರನ್ನು ಹೊರಗಿಟ್ಟ ನಮ್ಮ. ಎದುರಿಗೆ ಸಿಕ್ಕವರನ್ನು ಸ್ವಾಗತಿಸುತ್ತ ಅವರನ್ನೇ ಬಿಟ್ಟು ‘ನಮ್ಮ ಭೇಟಿ’ ಎಂದರೆ ಆಗುತ್ತದೆಯೇ? ತೆಲುಗಿನವರಿಗೆ ಮನಮು, ಮೇಮು ಇವೆ. ತಮಿಳರಿಗೆ ನಾಮ್, ನಾಂಗಳ್. ನಮ್ಮಲ್ಲಿ ಎರಡಕ್ಕೂ ‘ನಾವು’ ಒಂದೇ. ಆದರೂ ಬಾಯಲ್ಲಿ ಸದಾ ಓಡಾಡುವ ಜೋಡಿಮಾತು ಒಂದಿದೆಯಲ್ಲ. ನಾನು ಅದನ್ನೇ ಹಿಡಿದು ಅನುವಾದಿಸಿಕೊಂಡಿದ್ದೇನೆ: ನಮ್ಮ ನಿಮ್ಮ ಭೇಟಿಯ ಗಳಿಗೆಯ ಮೇಲೆ ನಕ್ಷತ್ರವೊಂದು ಬೆಳಗುತ್ತಿದೆ.