ಗನ್ ಹೊಡೆದರೆ ವಿಮಾನ ಗಾಳಿಯಲ್ಲೇ ನಿಲ್ಲುತ್ತಾ?

ಪ್ರಶ್ನೆ: ಅಮೆರಿಕದ ಎ-10 ಯುದ್ಧವಿಮಾನ ಗನ್ ಹೊಡೆದರೆ ಆ ಒದೆತಕ್ಕೆ ಗಾಳಿಯಲ್ಲೇ ನಿಂತುಬಿಡುತ್ತದಂತೆ, ನಿಜವಾ? ಫೋಟೋದಲ್ಲಿ ಅದರ ಮುಂದಿನ ಚಕ್ರ ಒಂದು ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಅದ್ಯಾಕೆ?

ಉತ್ತರ: ನಿಲ್ಲುವುದಿಲ್ಲ. ಆದರೆ ಈ ಕತೆ ಸುಮ್ನೆ ಹುಟ್ಟಿದ್ದಲ್ಲ. ಅದರ ಜಿಎಯು-8 ಗನ್ ಹಿಂದಕ್ಕೆ ಒದೆಯುವ ಬಲ ಸುಮಾರು ನಾಲ್ಕೂವರೆ ಟನ್. ವಿಮಾನದ ಎರಡು ಎಂಜಿನ್‌ಗಳಲ್ಲಿ ಒಂದೊಂದೂ ಮುಂದಕ್ಕೆ ತಳ್ಳುವುದು ನಾಲ್ಕು ಟನ್‌ಗಿಂತ ಚೂರು ಜಾಸ್ತಿ, ಅಷ್ಟೇ. ಅಂದರೆ ಒಂದು ಎಂಜಿನ್ ಗನ್ನಿನ ಮುಂದೆ ಸೋತಿತು! ಇಲ್ಲಿಂದ 'ನಿಂತೇಬಿಟ್ಟಿತು' ಅನ್ನುವವರೆಗೆ ಹೋಗಲು ಎಷ್ಟು ಹೊತ್ತು ಬೇಕು? ಲೆಕ್ಕ ಹಾಕಿ ನೋಡಿ: ವಿಮಾನದ ತೂಕ 16 ಟನ್ ಅಂತಿಟ್ಟುಕೊಂಡರೆ, ಒಂದು ಸೆಕೆಂಡ್ ಗುಂಡು ಹೊಡೆದಾಗ ಅದರ ವೇಗ ಗಂಟೆಗೆ ಹತ್ತು ಕಿಲೋಮೀಟರ್‌ನಷ್ಟು ತಗ್ಗುತ್ತದೆ. ನೂರಾರು ಕಿಲೋಮೀಟರ್ ವೇಗದಲ್ಲಿ ಹೋಗುವ ವಿಮಾನಕ್ಕೆ ಇದೇನು ಮಹಾ ಅಲ್ಲ. ಪೈಲಟ್ ಟ್ರಿಗರ್ ಒತ್ತುವುದೂ ಒಂದೆರಡು ಸೆಕೆಂಡ್ ಮಾತ್ರ. ನಿಮಿಷಕ್ಕೆ 3,900ರಂತೆ 30 ಎಂಎಂ ಗುಂಡು ಉಗುಳುವ ಗನ್ ಅದು, ಡ್ರಮ್ಮಿನಲ್ಲಿ ಹಿಡಿಸುವುದು 1,174. ಒತ್ತಿಯೇ ಹಿಡಿದರೆ 18 ಸೆಕೆಂಡಿಗೆ ಎಲ್ಲಾ ಖಾಲಿ. ಖಾಲಿ ತೋಟಾಗಳನ್ನು ಹೊರಗೆ ಎಸೆಯುವುದಿಲ್ಲ, ವಿಮಾನಕ್ಕೇ ಬಡಿದೀತು ಅಂತ ವಾಪಸ್ ಡ್ರಮ್ಮಿಗೇ ತುಂಬಿಕೊಳ್ಳುತ್ತದೆ.

ಇನ್ನು ಚಕ್ರ. ನನಗೆ ಈ ವಿಮಾನದಲ್ಲಿ ತುಂಬಾ ಇಷ್ಟವಾಗುವ ಸಂಗತಿಯೇ ಇದು. ಗನ್ನಿಗೆ ಏಳು ನಳಿಗೆ, ತಿರುಗುತ್ತಾ ಒಂದಾದ ಮೇಲೊಂದು ಹೊಡೆಯುತ್ತವೆ. ಹೊಡೆಯುವ ನಳಿಗೆ ವಿಮಾನದ ನಟ್ಟನಡುವೆಯೇ ಇರಬೇಕು, ಇಲ್ಲದಿದ್ದರೆ ಪ್ರತಿ ಸಲ ಮೂತಿ ಪಕ್ಕಕ್ಕೆ ಹೊರಳಿ ಗುರಿ ತಪ್ಪುತ್ತದೆ ಅಲ್ವಾ? ಅದಕ್ಕೆ ಇಡೀ ಗನ್ನನ್ನು ಸ್ವಲ್ಪ ಎಡಕ್ಕೆ ಕೂರಿಸಿದರು. ನಡುವೆ ಜಾಗವಿಲ್ಲದೆ ಪಾಪ ಚಕ್ರ ಬಲಕ್ಕೆ ಸರಿಯಿತು. ಹೀಗಾಗಿ ನೆಲದ ಮೇಲೆ ಎಡಕ್ಕಿಂತ ಬಲಕ್ಕೆ ತಿರುಗಿಸಲು ಕಡಿಮೆ ಜಾಗ ಸಾಕು.

ಪ್ರಶ್ನೆ: ಎ-10 ಬೇರೆ ಜೆಟ್‌ಗಳಿಗಿಂತ ನಿಧಾನವಂತೆ. ಹಾಗೆ ಹೋದರೆ ಹೊಡೆದು ಬೀಳಿಸುವುದು ಸುಲಭ ಅಲ್ಲವೇ?

ಉತ್ತರ: ಗುರಿ ಸಿಗುವುದು ಸುಲಭ, ಬೀಳಿಸುವುದು ಅಷ್ಟು ಸುಲಭವಲ್ಲ. ಗರಿಷ್ಠ ವೇಗ ಗಂಟೆಗೆ 700 ಕಿಲೋಮೀಟರ್ ಆಸುಪಾಸು, ಜೆಟ್ ವಿಮಾನಕ್ಕೆ ಕಡಿಮೆಯೇ. ಆದರೆ ಟ್ಯಾಂಕ್ ಹುಡುಕುತ್ತಾ ಕೆಳಗೆ ಸುತ್ತುವವನಿಗೆ ನಿಧಾನವೇ ಬೇಕು. ಪೈಲಟ್ ಕೂರುವುದು ಟೈಟಾನಿಯಂ ತೊಟ್ಟಿಯೊಳಗೆ. ಹೈಡ್ರಾಲಿಕ್ಸ್ (ದ್ರವದ ಒತ್ತಡದಿಂದ ವಿಮಾನವನ್ನು ತಿರುಗಿಸುವ ವ್ಯವಸ್ಥೆ) ಪೂರ್ತಿ ಹೋದರೂ ಕೇಬಲ್‌ಗಳ ಮೂಲಕ ಕೈಬಲದಿಂದಲೇ ಹಾರಿಸಬಹುದು. 2003ರಲ್ಲಿ ಬಾಗ್ದಾದ್ ಮೇಲೆ ಏಟು ತಿಂದ ಎ-10 ವಿಮಾನವನ್ನು ಅಮೆರಿಕದ ಪೈಲಟ್ ಕಿಮ್ ಕ್ಯಾಂಬೆಲ್ ಹಾಗೇ ಹಾರಿಸಿಕೊಂಡು ನೆಲೆಗೆ ತಂದು ಇಳಿಸಿದರು.